ಸಾಲದ ಮೇಲೆ ಊರು ಕಟ್ಟಿದ ಕ್ರಾಫರ್ಡ್ ಸಾಹೇಬ

ಬೊಂಬಾಯಿಯ ನಂಟಿಲ್ಲದ ಬ್ಯಾರಿ ಮನೆ ನಮ್ಮ ಕಡೆ ಕಡಿಮೆ. ಒಬ್ಬ ಮಾವನೋ ಕಾಕನೋ ಅಲ್ಲಿ ಹೋಟೆಲಿನಲ್ಲಿ ದುಡಿದಿರುತ್ತಾರೆ, ಇಲ್ಲವಾದರೆ ಗಲ್ಫಿಗೆ ಹೋಗುವ ಮೊದಲು ವೀಸಾ ಕಾಯುತ್ತ ಕೆಲವು ತಿಂಗಳು ಅಲ್ಲಿ ಕಳೆದಿರುತ್ತಾರೆ. ಅವರ ಬಾಯಲ್ಲಿ ಕ್ರಾಫರ್ಡ್ ಮಾರ್ಕೆಟ್ ಎಂಬ ಹೆಸರು ಬಾರದೆ ಇರುವುದಿಲ್ಲ. ಮುಹಮ್ಮದಲಿ ರೋಡ್ ಶುರುವಾಗುವ ಜಾಗದಲ್ಲಿ, ಜುಮಾ ಮಸೀದಿಗೆ ಹತ್ತಿರದಲ್ಲೇ ಇರುವ ಆ ಗೋಪುರದ ಕಟ್ಟಡದಿಂದ ಖರ್ಜೂರ, ಬಾದಾಮಿ, ಹಣ್ಣು, ಮದುವೆ ಸಾಮಾನು ಕಟ್ಟಿಸಿಕೊಂಡು ಊರಿಗೆ ಬಂದವರು ಎಷ್ಟೋ ಮಂದಿ. ಆದರೆ ಈ ಕ್ರಾಫರ್ಡ್ ಯಾರು ಅಂತ ಕೇಳಿದರೆ ಯಾರೋ ಒಬ್ಬ ಬ್ರಿಟಿಷ್ ಸಾಹೇಬ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಆ ಸಾಹೇಬನ ಕತೆ ಅಷ್ಟಕ್ಕೇ ಬಿಡುವಂಥದ್ದಲ್ಲ. ನಗರಪಾಲಿಕೆ, ತೆರಿಗೆ, ರಸ್ತೆ, ಚರಂಡಿ, ಸಾಲ ಅಂತ ನಾವು ದಿನಾ ಪತ್ರಿಕೆಯಲ್ಲಿ ಓದುವ ಸುದ್ದಿಯ ಬೇರುಗಳು ಅವನ ಕಾಲದಲ್ಲಿವೆ.

ಆರ್ಥರ್ ಟ್ರಾವರ್ಸ್ ಕ್ರಾಫರ್ಡ್ ಹುಟ್ಟಿದ್ದು 1835ರಲ್ಲಿ. ಇಪ್ಪತ್ತು ವರ್ಷದ ಆಸುಪಾಸಿನಲ್ಲೇ ಬೊಂಬಾಯಿ ಪ್ರಾಂತ್ಯದ ಸಿವಿಲ್ ಸರ್ವಿಸ್ ಸೇರಿದ. ಕೊಂಕಣದ ಕಡೆ ಕೆಲಸ ಮಾಡಿದ, ಮರಾಠಿ ಚೆನ್ನಾಗಿ ಕಲಿತ. ಚುರುಕು ಮನುಷ್ಯ, ಧಾರಾಳಿ, ಮಾತುಗಾರ. ಕೈಯಲ್ಲಿ ದುಡ್ಡು ನಿಲ್ಲದವನು. ಈ ಕೊನೆಯ ಗುಣ ಮುಂದೆ ಅವನನ್ನೂ ತಿಂದಿತು, ಅವನ ಕೈಗೆ ಸಿಕ್ಕ ನಗರವನ್ನೂ ಒಂದಷ್ಟು ತಿಂದಿತು.

ಅವನು ಬೊಂಬಾಯಿಯ ಚುಕ್ಕಾಣಿ ಹಿಡಿದ ಗಳಿಗೆ ಎಂಥದ್ದು ಅಂತ ಮೊದಲು ತಿಳಿಯಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಬಿತ್ತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಹತ್ತಿ ಬೇಕಾದರೆ ಬೊಂಬಾಯಿ ಕಡೆಗೇ ನೋಡಬೇಕಾಯಿತು. ಬೆಲೆ ಏರಿತು, ಏರಿತು, ನಿಲ್ಲಲೇ ಇಲ್ಲ. ಹಾಸಿಗೆ ಬಿಚ್ಚಿ ಒಳಗಿನ ಹತ್ತಿಯನ್ನೂ ಮಾರಿದರು ಅಂತ ಹೇಳುವುದುಂಟು. ನಾಲ್ಕೈದು ವರ್ಷದಲ್ಲಿ ನಗರಕ್ಕೆ ಹೆಚ್ಚುವರಿಯಾಗಿ ಬಂದ ಹಣ ಏಳೆಂಟು ಕೋಟಿ ಪೌಂಡ್ ಎಂಬ ಅಂದಾಜು ಇದೆ.

ಇಷ್ಟು ಹಣ ಒಮ್ಮೆಲೇ ಬಂದರೆ ಏನಾಗುತ್ತದೆ ಅಂತ ಗಲ್ಫ್ ಹಣ ಬಂದ ಕಾಲವನ್ನು ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೊಂಬಾಯಿಯಲ್ಲಿ ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು, ಸಮುದ್ರಕ್ಕೆ ಮಣ್ಣು ತುಂಬಿ ಜಾಗ ಮಾಡುವ ಕಂಪೆನಿಗಳು ಅಣಬೆಯಂತೆ ಎದ್ದವು. ಬ್ಯಾಕ್ ಬೇ ಕಂಪೆನಿಯ 5,000 ರೂಪಾಯಿಯ ಷೇರು ಸುಮಾರು ಹತ್ತು ಪಟ್ಟು ಬೆಲೆಗೆ ಹೋಯಿತು. ಪ್ರೇಮಚಂದ್ ರಾಯಚಂದ್ ಎಂಬ ದಲ್ಲಾಳಿಯ ಒಂದು ಮಾತಿಗೆ ಬ್ಯಾಂಕ್ ಆಫ್ ಬಾಂಬೆ ಸಾಲ ಕೊಡುತ್ತಿತ್ತು. ಸಾಹೇಬರು, ಪಾರ್ಸಿಗಳು, ಬನಿಯಾಗಳು, ಮುಸ್ಲಿಂ ವ್ಯಾಪಾರಿಗಳು, ಗುಮಾಸ್ತರು, ಎಲ್ಲರೂ ಷೇರು ಕೊಂಡರು. ನಗರದ ಹಳೆಯ ಕೋಟೆ ಗೋಡೆಗಳನ್ನು ಆಗಿನ ಗವರ್ನರ್ ಬಾರ್ಟಲ್ ಫ್ರೆಯರ್ ಕೆಡವಿಸಿದ. ದೊಡ್ಡ ದೊಡ್ಡ ಕಟ್ಟಡಗಳ ನಕ್ಷೆ ತಯಾರಾಯಿತು. ಹೊರಗಿಂದ ಕೂಲಿಕಾರರು ಹರಿದು ಬಂದರು. 1864ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 8,16,562.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿ ಬೆಲೆ ಬಿತ್ತು. ಹತ್ತಿಯ ಜೊತೆಗೆ ಷೇರು, ಷೇರಿನ ಜೊತೆಗೆ ಕಂಪೆನಿ, ಕಂಪೆನಿಯ ಜೊತೆಗೆ ಬ್ಯಾಂಕ್. ಜುಲೈ 1ಕ್ಕೆ ತೀರಿಸಬೇಕಾಗಿದ್ದ ವಾಯಿದೆ ವ್ಯವಹಾರಗಳು ಎದುರಿಗೆ ಬಂದು ನಿಂತಾಗ ಲಕ್ಷಾಧಿಪತಿ ಅನಿಸಿಕೊಂಡವರ ಕೈ ಖಾಲಿ. ಬ್ಯಾಂಕ್ ಆಫ್ ಬಾಂಬೆ ಕೂಡ ಕೆಲವು ವರ್ಷದೊಳಗೆ ಮುಚ್ಚಿತು.

ಅದೇ 1865ರಲ್ಲಿ ಬೊಂಬಾಯಿಗೆ ಹೊಸ ಮುನಿಸಿಪಲ್ ಕಾಯ್ದೆ ಬಂತು. ಕಮಿಷನರ್ ಆಗಿ ಬಂದವನು ಕ್ರಾಫರ್ಡ್, ವಯಸ್ಸು ಮೂವತ್ತು.

ಅಲ್ಲಿಯವರೆಗೆ ಮೂವರು ಕಮಿಷನರ್‌ಗಳು ಸೇರಿ ನಗರ ನೋಡಿಕೊಳ್ಳುತ್ತಿದ್ದರು. ಮೂವರ ಕೈಯಲ್ಲಿ ಕೆಲಸ ಸಿಕ್ಕಿಕೊಳ್ಳುತ್ತಿತ್ತೇ ಹೊರತು ಸಾಗುತ್ತಿರಲಿಲ್ಲ. ಹೊಸ ಕಾಯ್ದೆ ಅಧಿಕಾರವನ್ನೆಲ್ಲ ಒಬ್ಬನ ಕೈಗೆ ಕೊಟ್ಟಿತು. ಅವನ ಮೇಲೆ ಕಣ್ಣಿಡಲು ಜಸ್ಟಿಸ್ ಆಫ್ ದಿ ಪೀಸ್ ಎಂಬ ಗೌರವದ ಹುದ್ದೆಯವರ ಸಭೆ, ಅದನ್ನು ಬೆಂಚ್ ಅಂತ ಕರೆಯುತ್ತಿದ್ದರು. ಇವರನ್ನು ನೇಮಿಸಿದ್ದು ಸರಕಾರ, ಜನ ಆರಿಸಿದ್ದಲ್ಲ. ಬಜೆಟ್ ಒಪ್ಪಬೇಕಾದವರು ಇವರು. ಆದರೆ ಹೆಚ್ಚಿನವರು ಸಭೆಗೆ ಬರುತ್ತಲೇ ಇರಲಿಲ್ಲ, ಬಂದವರಿಗೂ ಲೆಕ್ಕದ ಪುಸ್ತಕ ಬಿಡಿಸಿ ನೋಡುವ ವ್ಯವಧಾನ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕತೆಯ ಗಂಟು ಇಲ್ಲೇ ಇದೆ.

ಕ್ರಾಫರ್ಡ್‌ಗೆ ಸಿಕ್ಕಿದ ಬೊಂಬಾಯಿ ಹೇಗಿತ್ತು? ಮೇಲೆ ಕಾಣುವುದಕ್ಕೆ ರಾಜವೈಭವ, ಕೆಳಗೆ ಕೊಳಚೆ. ಬೀದಿ ಬದಿಯ ಚರಂಡಿ ತೆರೆದೇ ಇತ್ತು. ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸಬೇಕಿತ್ತು. ಮಾಂಸ, ಮೀನು, ತರಕಾರಿ ಮಾರುವ ಜಾಗ ಇಕ್ಕಟ್ಟು, ಕಸಾಯಿಖಾನೆ ಊರ ಒಳಗೆ. ಕುಡಿಯುವ ನೀರಿಗೆ 1860ರಲ್ಲಿ ವಿಹಾರ್ ಕೆರೆಯ ಕೊಳವೆ ಬಂದಿತ್ತು ನಿಜ, ಅದರ ಸಾಲ ಸರಕಾರಕ್ಕೆ ತೀರಿಸುವುದು ಪಾಲಿಕೆಯ ತಲೆಯ ಮೇಲೆಯೇ ಇತ್ತು. ಪ್ರತಿ ವರ್ಷ ಕಾಲರಾ ಬಂದು ಬಡವರ ಕೇರಿಗಳನ್ನು ಗುಡಿಸಿಕೊಂಡು ಹೋಗುತ್ತಿತ್ತು.

ನಗರದ ಜೇಬು ಖಾಲಿಯಾಗಿದೆ, ನಗರದ ರೋಗ ಮಾತ್ರ ಕಾಯುವುದಿಲ್ಲ. ಇಂಥ ಹೊತ್ತಲ್ಲಿ ಏನು ಮಾಡಬೇಕು? ಸದ್ಯಕ್ಕೆ ಕೈಕಟ್ಟಿ ಕೂರೋಣ, ಒಳ್ಳೆ ಕಾಲ ಬಂದಾಗ ಚರಂಡಿ ಕಟ್ಟೋಣ ಎನ್ನುವುದು ಒಂದು ದಾರಿ. ಕ್ರಾಫರ್ಡ್ ಆ ದಾರಿ ಹಿಡಿಯುವ ಜಾತಿಯವನಲ್ಲ.

ಅವನು ಬೆಳಗ್ಗೆ ಕುದುರೆಯೇರಿ ಓಣಿ ಓಣಿ ಸುತ್ತುವ ಕಮಿಷನರ್. ಹೆವ್ಲೆಟ್ ಎಂಬ ಆರೋಗ್ಯಾಧಿಕಾರಿಯನ್ನೂ ಟುಲ್ಲಾಕ್ ಎಂಬ ಇಂಜಿನಿಯರನ್ನೂ ಜೊತೆಗಿಟ್ಟುಕೊಂಡು ಕೆಲಸಕ್ಕೆ ಇಳಿದ. ಗುಂಡಿಗಳನ್ನು ಮುಚ್ಚಿಸಿದ, ಇಕ್ಕಟ್ಟು ಬೀದಿಗಳನ್ನು ಅಗಲ ಮಾಡಿಸಿದ, ಹೊಸ ರಸ್ತೆ ತೆಗೆಸಿದ. ಕಸಾಯಿಖಾನೆಯನ್ನು ಬಾಂದ್ರಾಕ್ಕೆ ಸಾಗಿಸಿದ. ಬೀದಿಗಳಲ್ಲಿ ಗ್ಯಾಸ್ ದೀಪ ಮೊದಲು ಉರಿದದ್ದೂ 1865ರಲ್ಲಿ. ಕಸ ಎತ್ತುವ ವ್ಯವಸ್ಥೆಯನ್ನು ಕಟ್ಟುನಿಟ್ಟು ಮಾಡಿದ. ಕೆಲವು ವರ್ಷದೊಳಗೆ ಕಾಲರಾದ ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಮುಂದೆ ಬೊಂಬಾಯಿ ನಗರಾಡಳಿತದ ಇತಿಹಾಸ ಬರೆದ ದಿನ್‌ಶಾ ವಾಚಾ ಬ್ರಿಟಿಷ್ ಅಧಿಕಾರಿಗಳನ್ನು ಸುಮ್ಮನೆ ಹೊಗಳುವವರಲ್ಲ. ಅವರು ಸಹ ಕ್ರಾಫರ್ಡನ ಕೆಲಸದ ಬಗ್ಗೆ ಮೆಚ್ಚುಗೆಯಿಂದಲೇ ಬರೆದಿದ್ದಾರೆ.

ಇನ್ನು ಮಾರ್ಕೆಟ್. ವಿಲಿಯಂ ಎಮರ್ಸನ್ ನಕ್ಷೆ ಹಾಕಿದ, 1869ರಲ್ಲಿ ಕಟ್ಟಡ ಮುಗಿಯಿತು. ಪ್ರವೇಶದ್ವಾರದ ಮೇಲಿನ ಕೆತ್ತನೆ, ಒಳಗಿನ ಕಾರಂಜಿ ಲಾಕ್‌ವುಡ್ ಕಿಪ್ಲಿಂಗ್‌ನ ಕೈಯದ್ದು, ಲೇಖಕ ರುಡ್ಯಾರ್ಡ್ ಕಿಪ್ಲಿಂಗ್‌ನ ತಂದೆ. ಎತ್ತರದ ಮಾಡು, ಗಾಳಿ ಬೆಳಕು, ತೊಳೆಯಲು ನೀರು, ಮೀನಿಗೆ ಮಾಂಸಕ್ಕೆ ಬೇರೆ ಬೇರೆ ಕಟ್ಟೆ. ಇದನ್ನು ಬರೀ ಶೋಕಿ ಅಂತ ಹೇಳುವವರು ಅಂದೂ ಇದ್ದರು. ನನ್ನ ಮಟ್ಟಿಗೆ ಅದು ಸರಿಯಲ್ಲ. ನೊಣ ಕೂತ ಮಾಂಸ, ಕೊಳೆತ ಮೀನು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದವರು ಮಲಬಾರ್ ಹಿಲ್‌ನ ಸಾಹೇಬರಲ್ಲ. ಅಲ್ಲದೆ ಮಾರ್ಕೆಟ್ ಎಂದರೆ ಬಾಡಿಗೆ ತರುವ ಕಟ್ಟಡ, ತನ್ನ ಸಾಲವನ್ನು ತಾನೇ ಒಂದಷ್ಟು ತೀರಿಸುವಂಥದ್ದು.

ಹಾಗಾದರೆ ತಪ್ಪಿದ್ದು ಎಲ್ಲಿ?

ಒಂದು ಮನೆಯ ಲೆಕ್ಕ ಇಟ್ಟುಕೊಂಡು ನೋಡೋಣ. ಮನೆ ಕಟ್ಟಲು ಸಾಲ ಮಾಡಿದರೆ ಆ ಮನೆ ಮಕ್ಕಳ ಕಾಲಕ್ಕೂ ಇರುತ್ತದೆ, ಸಾಲವನ್ನೂ ಇಪ್ಪತ್ತು ವರ್ಷಕ್ಕೆ ಹಂಚಿ ತೀರಿಸಬಹುದು. ಆದರೆ ತಿಂಗಳ ಸಂಬಳದಲ್ಲೇ ಗೋಡೆಯನ್ನೂ ಎಬ್ಬಿಸಿ, ಅಕ್ಕಿ ಬೇಳೆಯ ಬಾಕಿಯನ್ನು ಅಂಗಡಿಯಲ್ಲಿ ಬೆಳೆಸುತ್ತಾ ಹೋದರೆ ಒಂದು ದಿನ ಅಂಗಡಿಯವ ಬಾಗಿಲಿಗೆ ಬರುತ್ತಾನೆ. ವರ್ಷದ ಖರ್ಚು ಬೇರೆ, ತಲೆಮಾರಿನ ಖರ್ಚು ಬೇರೆ. ಕ್ರಾಫರ್ಡನ ಕಾಲದಲ್ಲಿ ಈ ಗೆರೆ ಅಳಿಸಿಹೋಯಿತು. ಬೆಂಚ್ ಒಪ್ಪಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು. ಮಂಜೂರಾತಿಗೆ ಮೊದಲೇ ಕೆಲಸ ಶುರುವಾಗಿ, ಮುಗಿದ ಮೇಲೆ ಬಿಲ್ಲು ಸಭೆಯ ಮುಂದೆ ಬರುತ್ತಿತ್ತು. ಎದ್ದು ನಿಂತ ಕಟ್ಟಡವನ್ನು ಬೇಡ ಅನ್ನುವುದು ಹೇಗೆ?

ಎರಡನೆಯದು ಇನ್ನೂ ದೊಡ್ಡದು. ಅವನ ಯೋಜನೆಗಳೆಲ್ಲ ಹತ್ತಿಯ ಕಾಲದ ಬೊಂಬಾಯಿಯ ಅಳತೆಯವು, ತೆರಿಗೆ ಕಟ್ಟಬೇಕಾದವರು ದಿವಾಳಿಯ ಕಾಲದ ಬೊಂಬಾಯಿಯವರು. ಕೆಲಸ ಹೋದವರು ಊರಿಗೆ ಮರಳಿದರು. 1872ರ ಜನಗಣತಿಯಲ್ಲಿ ನಗರದಲ್ಲಿ ಉಳಿದವರು 6,44,405. ಎಂಟು ವರ್ಷದಲ್ಲಿ 1,72,000ಕ್ಕೂ ಹೆಚ್ಚು ಜನ ಕಡಿಮೆ! ಮನೆಗಳು ಖಾಲಿ, ಬಾಡಿಗೆ ಅರ್ಧಕ್ಕರ್ಧ ಸಿಕ್ಕಿದರೆ ಪುಣ್ಯ. ಆದರೂ ಮನೆ ತೆರಿಗೆ, ದೀಪದ ತೆರಿಗೆ, ಪೊಲೀಸ್ ವೆಚ್ಚದ ತೆರಿಗೆ, ಗಾಡಿ ತೆರಿಗೆ, ಮಲ ಸಾಗಿಸುವ ಹಲಾಲ್‌ಖೋರ್ ತೆರಿಗೆ, ಊರಿಗೆ ಬರುವ ಸರಕಿನ ಮೇಲೆ ಸುಂಕ. ನಗರ ಸ್ವಚ್ಛವಾಗುತ್ತಿತ್ತು ಸರಿ, ಅದರ ಹಣ ಹೊರಡುತ್ತಿದ್ದದ್ದು ಆಗಲೇ ಸೋತ ವ್ಯಾಪಾರಿಯ ಪೆಟ್ಟಿಗೆಯಿಂದ, ಸಣ್ಣ ಮನೆಯ ವಿಧವೆಯ ಬಾಡಿಗೆಯಿಂದ.

ಕ್ರಾಫರ್ಡನ ಪರವಾಗಿ ಒಂದು ಮಾತು ಹೇಳಲೇಬೇಕು. ಆದಾಯ ಕುಸಿದಿದೆ ಅಂತ ಅವನು ಕೆಲಸ ನಿಲ್ಲಿಸಿದ್ದರೆ ಲೆಕ್ಕದ ಪುಸ್ತಕ ಚೆಂದವಾಗಿರುತ್ತಿತ್ತು, ಕಬರಸ್ಥಾನ ಮತ್ತು ಸ್ಮಶಾನ ತುಂಬುತ್ತಿದ್ದವು. ಕಟ್ಟಿದ್ದು ತಪ್ಪಲ್ಲ. ಎಷ್ಟು ಕಟ್ಟುತ್ತಿದ್ದೇನೆ, ಯಾರ ಹಣದಲ್ಲಿ, ಎಷ್ಟು ವರ್ಷಕ್ಕೆ ಎಂಬುದನ್ನು ಯಾರಿಗೂ ಸರಿಯಾಗಿ ಹೇಳದೆ ಕಟ್ಟಿದ್ದು ತಪ್ಪು. ಹೇಳು ಅಂತ ಕೇಳಬೇಕಾದವರು ಕೇಳದೆ ಕೂತದ್ದು ಇನ್ನೂ ದೊಡ್ಡ ತಪ್ಪು.

1871ಕ್ಕೆ ಬರುವಾಗ ಪಾಲಿಕೆಯ ಬೊಕ್ಕಸದಲ್ಲಿ ಕೊರತೆ ಎಷ್ಟರ ಮಟ್ಟಿಗೆ ಆಯಿತೆಂದರೆ ಸರಕಾರದ ಸಾಲವಿಲ್ಲದೆ ದಿನ ದೂಡುವುದು ಕಷ್ಟವಾಯಿತು. ಆಗ ತೆರಿಗೆದಾರರು ಎದ್ದರು. ಜೇಮ್ಸ್ ಫೋರ್ಬ್ಸ್ ಎಂಬ ಯುರೋಪಿಯನ್ ವ್ಯಾಪಾರಿ ಬೆಂಚಿನಲ್ಲೇ ಸುಧಾರಣೆಯ ಠರಾವು ತಂದ. ಹೊರಗೆ ನೌರೋಜಿ ಫರ್ದೂನ್‌ಜಿಯಂಥ ಮುಖಂಡರು ಸಭೆ ನಡೆಸಿದರು, ಅರ್ಜಿ ಬರೆದರು. ಪಾರ್ಸಿ, ಹಿಂದೂ, ಮುಸ್ಲಿಂ, ಯುರೋಪಿಯನ್ ಅಂತ ಭೇದವಿಲ್ಲದೆ ಮನೆ ಒಡೆಯರೂ ಅಂಗಡಿಯವರೂ ಸೇರಿದರು. ಕ್ರಾಫರ್ಡ್ ಹೋಗಬೇಕು, ಕಮಿಷನರ್ ಎಂಬ ಹುದ್ದೆಯೇ ಹೋಗಬೇಕು, ಅಧಿಕಾರ ಒಂದು ಕಮಿಟಿಯ ಕೈಗೆ ಬರಬೇಕು ಎನ್ನುವುದು ಬಹಳ ಮಂದಿಯ ಹಟ.

ಈ ಗದ್ದಲದ ನಡುವೆ ಆ ವರ್ಷದ ನವೆಂಬರ್‌ನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್ಸ್‌ಟಿಟ್ಯೂಟ್‌ನಲ್ಲಿ 26 ವರ್ಷದ ಒಬ್ಬ ಬ್ಯಾರಿಸ್ಟರ್ ಪ್ರಬಂಧ ಓದಿದ. ಹೆಸರು ಫಿರೋಜ್‌ಶಾ ಮೆಹತಾ. ಎಲ್ಲರೂ ಕ್ರಾಫರ್ಡನ ಮೇಲೆ ಕಲ್ಲೆಸೆಯುತ್ತಿದ್ದಾಗ ಈ ಹುಡುಗ ಅವನು ಮಾಡಿದ ಕೆಲಸವನ್ನು ಸಮರ್ಥಿಸಿದ. ಕೆಲಸ ಮಾಡುವ ಕೈ ಒಂದೇ ಇರಲಿ, ಕಮಿಟಿಗೆ ಕೊಟ್ಟರೆ ಹಳೆಯ ಮೂವರ ಕಾಲವೇ ಮತ್ತೆ ಬರುತ್ತದೆ. ಆದರೆ ಹಣದ ಬೀಗ ಜನ ಆರಿಸಿದವರ ಕೈಯಲ್ಲಿರಲಿ, ಲೆಕ್ಕವನ್ನು ಬೇರೆಯವರು ಪರೀಕ್ಷಿಸಲಿ. ಇದು ಅವನ ವಾದದ ಸಾರ. ಸರಕಾರ ನೇಮಿಸಿದ ಬೆಂಚ್ ನಿದ್ದೆ ಮಾಡಿದ್ದಕ್ಕೆ ಕಮಿಷನರ್‌ನ ತಲೆ ತೆಗೆದರೆ ರೋಗ ಹೋಗುವುದಿಲ್ಲ ಎಂಬ ಅರ್ಥ ಅದರಲ್ಲಿತ್ತು. ಅಲ್ಲಿ ಸೇರಿದ್ದ ಹೆಚ್ಚಿನವರಿಗೆ ಇದು ಹಿಡಿಸಲಿಲ್ಲ. ಆದರೆ ಮುಂದೆ ನಡೆದದ್ದು ಬಹುಮಟ್ಟಿಗೆ ಅದೇ.

ಕ್ರಾಫರ್ಡ್ 1871ರಲ್ಲಿ ಕುರ್ಚಿ ಬಿಟ್ಟ. 1872ರಲ್ಲಿ ಹೊಸ ಕಾಯ್ದೆ ಬಂತು. 64 ಸದಸ್ಯರ ಕಾರ್ಪೊರೇಷನ್, ಅದರಲ್ಲಿ 32 ಮಂದಿಯನ್ನು ತೆರಿಗೆದಾರರು ಆರಿಸಬೇಕು, 16 ಮಂದಿಯನ್ನು ಜಸ್ಟಿಸ್‌ಗಳು, 16 ಮಂದಿಯನ್ನು ಸರಕಾರ. ಮತ ಹಾಕುವ ಹಕ್ಕು ವರ್ಷಕ್ಕೆ 50 ರೂಪಾಯಿ ತೆರಿಗೆ ಕಟ್ಟುವವರಿಗೆ ಮಾತ್ರ, ಅಂದರೆ ಬಡವ ಇನ್ನೂ ಬಾಗಿಲ ಹೊರಗೇ. ಕಮಿಷನರ್ ಉಳಿದ, ಆದರೆ ಬಜೆಟ್ ದಾಟಿ ಒಂದು ಕಾಸು ಖರ್ಚು ಮಾಡಬೇಕಾದರೂ ಅನುಮತಿ ಬೇಕು, ಲೆಕ್ಕ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಈ ಕಾರ್ಪೊರೇಷನ್‌ಗೆ 1873ರಲ್ಲಿ ಬಂದವರಲ್ಲಿ ಬದ್ರುದ್ದೀನ್ ತಯ್ಯಬ್‌ಜಿ ಕೂಡ ಒಬ್ಬರು, ಮುಂದೆ ಕಾಂಗ್ರೆಸ್ ಅಧ್ಯಕ್ಷರಾದವರು. ದೇಶದ ರಾಜಕೀಯಕ್ಕಿಂತ ಮೊದಲು ಅವರು ಕಲಿತದ್ದು ಚರಂಡಿ, ನೀರು, ತೆರಿಗೆಯ ಲೆಕ್ಕವನ್ನು.

ತಮಾಷೆ ಏನೆಂದರೆ ಹೊಸಬರು ಬಂದ ಮೇಲೂ ಸಾಲ ನಿಲ್ಲಲಿಲ್ಲ. ತುಳಸಿ ಕೆರೆಯ ಕೆಲಸ 1872ರಲ್ಲೇ ಶುರುವಾಗಿ 1879ಕ್ಕೆ ಮುಗಿಯಿತು. ವ್ಯತ್ಯಾಸ ಇಷ್ಟೇ, ಈಗ ಎಷ್ಟು ಸಾಲ, ಯಾವುದಕ್ಕೆ ಎನ್ನುವುದು ಸಭೆಯಲ್ಲಿ ಜಗಳವಾಡಿ ತೀರ್ಮಾನವಾಗುತ್ತಿತ್ತು. ಆ ಜಗಳದಿಂದ ಕೆಲಸ ತಡವಾದದ್ದೂ ಉಂಟು.

ಇತ್ತ ಕ್ರಾಫರ್ಡ್ ಸರಕಾರಿ ನೌಕರಿಯಲ್ಲಿ ಮುಂದುವರಿದು ಮೇಲೇರುತ್ತ ಹೋದ. 1880ರ ದಶಕದಲ್ಲಿ ಪುಣೆಯಲ್ಲಿ ರೆವೆನ್ಯೂ ಕಮಿಷನರ್. ಅಷ್ಟು ಹೊತ್ತಿಗೆ ಅವನ ಸ್ವಂತ ಸಾಲ ಕುತ್ತಿಗೆಯವರೆಗೆ ಬಂದಿತ್ತು. ಬಡ್ಡಿ ಸಾಹುಕಾರರು, ಪರಿಚಯದವರು, ಕೊನೆಗೆ ಕೈಕೆಳಗಿನವರು. ಮಾಮಲೇದಾರರಿಂದ ವರ್ಗಾವಣೆಗೆ, ಬಡ್ತಿಗೆ ಹಣ ಹೋಗುತ್ತಿದೆ, ಹಣಮಂತರಾವ್ ಎಂಬ ಮಧ್ಯವರ್ತಿಯ ಮೂಲಕ ಸಾಹೇಬನಿಗೆ ತಲುಪುತ್ತಿದೆ ಎಂಬ ದೂರು ಬಂತು. ಗವರ್ನರ್ ಲಾರ್ಡ್ ರೇ 1888ರಲ್ಲಿ ಅವನನ್ನು ಸಸ್ಪೆಂಡ್ ಮಾಡಿದ. ಮುಂದಿನದ್ದು ಸಿನೆಮಾದಂತಿದೆ. ಆತ್ಮಹತ್ಯೆ ಮಾಡಿಕೊಂಡೆ ಅಂತ ಭಾವಿಸುವ ಹಾಗೆ ಚೀಟಿ ಬರೆದಿಟ್ಟು, ವೇಷ ಮರೆಸಿಕೊಂಡು ಪುಣೆಯಿಂದ ಪರಾರಿಯಾದ. ಸಿಕ್ಕಿಬಿದ್ದದ್ದು ಎಲ್ಲಿ ಗೊತ್ತಾ? ಬೊಂಬಾಯಿಯಲ್ಲಿ, ತಾನು ಕಟ್ಟಿದ ಊರಿನಲ್ಲಿ.

ವಿಚಾರಣೆಗೆ ಕಮಿಷನ್ ಕೂತಿತು. ಲಂಚ ಸಾಬೀತಾಗಲಿಲ್ಲ ಎಂದಿತು, ತನ್ನ ಅಧಿಕಾರದ ಕೆಳಗಿನವರಿಂದ ಸಾಲ ಪಡೆದದ್ದು ನಿಜ ಎಂದಿತು. ಅಷ್ಟಕ್ಕೇ ಅವನ ನೌಕರಿ ಹೋಯಿತು. ಮಧ್ಯವರ್ತಿಗೆ ಶಿಕ್ಷೆಯಾಯಿತು. ಸರಕಾರ ಅಭಯ ಕೊಟ್ಟು ಸಾಕ್ಷಿ ಹೇಳಿಸಿದ ಮಾಮಲೇದಾರರಲ್ಲಿ ಕೆಲವರ ಕೆಲಸಕ್ಕೂ ಕುತ್ತು ಬಂತು. ಅವರ ಪರವಾಗಿ ಗಟ್ಟಿಯಾಗಿ ನಿಂತವರಲ್ಲಿ ಯುವಕ ತಿಲಕ್ ಒಬ್ಬರು. ದೊಡ್ಡವನು ಸಾಲ ಎಂದರೆ ಸಾಲ, ಸಣ್ಣವನು ಕೊಟ್ಟರೆ ಲಂಚ. ಈ ನ್ಯಾಯ ನಮಗೆ ಹೊಸದೇನಲ್ಲ.

ಅದೇ 1888ರಲ್ಲಿ, ಮೆಹತಾ ಮತ್ತು ತೆಲಾಂಗ್ ಕೌನ್ಸಿಲ್‌ನಲ್ಲಿ ಹೋರಾಡಿ ರೂಪಿಸಿದ ಬೊಂಬಾಯಿ ಮುನಿಸಿಪಲ್ ಕಾಯ್ದೆ ಬಂತು. ಸ್ಟ್ಯಾಂಡಿಂಗ್ ಕಮಿಟಿ, ಬಜೆಟ್, ಕಮಿಷನರ್‌ನ ಮಿತಿ, ಎಲ್ಲವೂ ಅದರಲ್ಲಿ. ತಿದ್ದುಪಡಿಗಳಾಗುತ್ತ ಬಂದರೂ ಮುಂಬಯಿ ಪಾಲಿಕೆ ಇವತ್ತಿಗೂ ನಡೆಯುವುದು ಆ ಕಾಯ್ದೆಯ ಮೇಲೆಯೇ. ಒಬ್ಬ ಧಾರಾಳಿ ಕಮಿಷನರ್‌ನ ಕೈ ನೋಡಿ ಹೆದರಿದ ಊರು ಬರೆದುಕೊಂಡ ಲೆಕ್ಕದ ನಿಯಮಗಳು ಅದರ ತಳದಲ್ಲಿವೆ.

ಕ್ರಾಫರ್ಡ್ ಇಂಗ್ಲೆಂಡಿಗೆ ಹೋಗಿ ಪುಸ್ತಕ ಬರೆಯುತ್ತ ಕಾಲ ಕಳೆದ. ಪೊಲೀಸ್ ಅಧಿಕಾರಿಯ ನೆನಪುಗಳು, ಪುಣೆಯವರ ಮೇಲಿನ ಸಿಟ್ಟು ತೀರಿಸಿಕೊಂಡ ಒಂದು ಪುಸ್ತಕ, ಕೊನೆಯ ವಯಸ್ಸಿನಲ್ಲಿ ಕೊಂಕಣದ ಐತಿಹ್ಯಗಳು. ಯೌವನದಲ್ಲಿ ಕಂಡ ಕೊಂಕಣ ಕೊನೆಯವರೆಗೂ ಅವನನ್ನು ಬಿಡಲಿಲ್ಲ. 1911ರಲ್ಲಿ ತೀರಿಕೊಂಡ.

ಮಾರ್ಕೆಟ್‌ಗೆ ಈಗ ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರಿದೆ, ಟ್ಯಾಕ್ಸಿಯವರ ಬಾಯಲ್ಲಿ ಮಾತ್ರ ಇನ್ನೂ ಕ್ರಾಫರ್ಡೇ. ಫುಲೆಯವರು 1876ರಿಂದ 1882ರವರೆಗೆ ಪುಣೆ ಪುರಸಭೆಯ ಸದಸ್ಯರಾಗಿದ್ದರು. ಅಲ್ಲಿ ದೊಡ್ಡ ಮಾರ್ಕೆಟ್ ಕಟ್ಟುವ ಪ್ರಸ್ತಾಪ ಬಂದಾಗ ಅವರು ವಿರೋಧಿಸಿದ್ದರು, ಆ ಹಣ ಬಡವರ ಮಕ್ಕಳ ಶಾಲೆಗೆ ಹೋಗಲಿ ಎಂಬುದು ಅವರ ನಿಲುವು. ಮಾರ್ಕೆಟ್ ಆದರೂ ಎದ್ದಿತು, ಮೊದಲು ಅದಕ್ಕೆ ಇಟ್ಟದ್ದು ಗವರ್ನರ್ ರೇಯ ಹೆಸರು. ಈಗ ಪುಣೆಯ ಆ ಮಾರ್ಕೆಟ್‌ಗೂ ಫುಲೆಯವರದೇ ಹೆಸರು.